ಮದ್ದಿನ ಗವಿಯ ಹೊಸ ಕಟ್ಟಳೆ

ಬಿದಿರು ದಟ್ಟವಾಗಿ ಬೆಳೆದಿದ್ದ ಒಂದು ಕಾಡಿನಲ್ಲಿ ದೇವೀರಿ ಎಂಬ ಮೊಲ ತನ್ನ ಮರಿ ಚಿಣ್ಣಿಯ ಜೊತೆ ವಾಸವಾಗಿದ್ದಳು. ಗಂಡನನ್ನು ಹದ್ದು ಹೊತ್ತೊಯ್ದಿತ್ತು. ಅದೇ ಕಾಡಿನಲ್ಲಿ ಒಂದು ಮದ್ದಿನ ಗವಿಯಿತ್ತು. ಪ್ರಾಣಿಗಳೆಲ್ಲ ತಮ್ಮ ಆಹಾರದಲ್ಲಿ ಒಂದು ಪಾಲನ್ನು ಅಲ್ಲಿಗೆ ತೆರಿಗೆಯಾಗಿ ಕೊಡುತ್ತಿದ್ದವು. ದೊಡ್ಡವರು ಹೆಚ್ಚು, ಸಣ್ಣವರು ಕಡಿಮೆ. ಅದನ್ನು ತಿಂದುಕೊಂಡು ಕಾಡುಹಂದಿಗಳು ಬೇರು ಅಗೆದು ತರುತ್ತಿದ್ದವು. ಮುದಿ ಮುಸುವ ಸಿದ್ದಜ್ಜ ಅದನ್ನು ಅರೆದು, ಕಾಯಿಲೆ ಬಿದ್ದ ಯಾರಿಗೇ ಆದರೂ ಕೊಡುತ್ತಿದ್ದ.

ಮಂತ್ರಿಯಾಗಿದ್ದ ನರಿಗೆ ತನ್ನ ಪಾಲು ಕೊಡುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಅವನು ಹುಲಿರಾಯನಿಗೆ ಹೇಳಿದ, "ಪ್ರಭು, ಬೇಟೆಯಾಡುವ ನಮಗೇಕೆ ತೆರಿಗೆ? ಈ ಸಣ್ಣ ಪ್ರಾಣಿಗಳೋ ಸೋಮಾರಿಗಳು. ದಿನವೂ ಬಂದು ಅರಮನೆ ಕೆಲಸ ಮಾಡಿದವರಿಗೆ ಮಾತ್ರ ಮದ್ದು ಎಂದು ಕಟ್ಟಳೆ ಮಾಡಿ."

ಹುಲಿರಾಯ ಒಪ್ಪಿದ. ದೊಡ್ಡವರ ತೆರಿಗೆ ನಿಂತಿತು, ಹೊಸ ಕಟ್ಟಳೆ ಜಾರಿಗೆ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಮರಿಗಳಿಗೆ ಜ್ವರ ಹಬ್ಬಿತು. ಚಿಣ್ಣಿಯೂ ಮಲಗಿದಳು. ಅವಳನ್ನು ಬಿಟ್ಟು ಹೋಗಲಾಗದೆ ದೇವೀರಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಗವಿಗೆ ಓಡಿದರೆ ಬಾಗಿಲಲ್ಲಿ ನರಿ ಕೂತಿದ್ದ.

"ಎರಡು ದಿನ ಎಲ್ಲಿದ್ದೆ?"

"ಮರಿಗೆ ಮೈ ಸುಡ್ತಿದೆ ಮಂತ್ರಿಗಳೇ. ಬಿಟ್ಟು ಬರೋದು ಹೇಗೆ?"

"ಕಟ್ಟಳೆ ಅಂದರೆ ಕಟ್ಟಳೆ. ನಿನಗೆ ಮದ್ದಿಲ್ಲ."

ಸಿದ್ದಜ್ಜ ಹೊರಗೆ ಬಂದು ಮೆಲ್ಲಗೆ ಹೇಳಿದ, "ಕೊಡೋಣ ಅಂದರೂ ಏನೂ ಉಳಿದಿಲ್ಲ ತಾಯಿ. ದೊಡ್ಡವರ ಪಾಲು ನಿಂತ ಮೇಲೆ ಹಂದಿಗಳು ಹಸಿದು ಕಾಡು ಬಿಟ್ಟವು. ಹತ್ತಿರದಲ್ಲಿ ಆ ಬೇರು ಇರುವುದು ಹುಲಿರಾಯನ ಪೊದೆಯಲ್ಲಿ ಮಾತ್ರ."

ಹಿಂದಿರುಗುವ ದಾರಿಯಲ್ಲಿ ಮುಳ್ಳುಹಂದಿ ಕೆಂಚವ್ವ ಕಂಡಳು. ತಣ್ಣಗಾಗಿದ್ದ ತನ್ನ ಮರಿಯ ಮುಂದೆ ಕೂತಿದ್ದಳು. ಅಳುತ್ತಲೂ ಇರಲಿಲ್ಲ. ಅದನ್ನು ಕಂಡ ದೇವೀರಿ ನೇರ ಹುಲಿಯ ಪೊದೆಗೆ ಹೋದಳು.

ಎಲೆ ಅಲುಗಿದರೂ ಬೆಚ್ಚುತ್ತ ನೆಲ ಅಗೆದಳು. ಬೇರು ಕೈಗೆ ಸಿಕ್ಕಿತು. ಅಷ್ಟರಲ್ಲಿ ಮೈಮೇಲೆ ನೆರಳು ಬಿತ್ತು. ಹುಲಿರಾಯ ನಿಂತಿದ್ದ. ಅವನ ಮುಂಗಾಲು ಊದಿ ಕೀವು ಕಟ್ಟಿತ್ತು.

"ಏನು ಕದೀತಿದ್ದೀಯ?"

ಓಡಿಬಿಡಬೇಕು ಅನ್ನಿಸಿತು. ಆದರೂ ಬೇರನ್ನು ಅವುಚಿಕೊಂಡು ನಿಂತಳು. "ಮದ್ದಿನ ಬೇರು, ಪ್ರಭು. ಗವಿ ಖಾಲಿಯಾಗಿದೆ. ಕೆಂಚವ್ವನ ಮರಿ ಸತ್ತುಹೋಯಿತು. ನನ್ನದು ಜ್ವರದಲ್ಲಿದೆ."

"ಗವಿ ತುಂಬಿದೆ ಅಂತ ಮಂತ್ರಿ ಹೇಳಿದ್ದಾನೆ. ನನ್ನ ಕಾಲಿಗೂ ಇವತ್ತು ಮದ್ದು ತರ್ತಾನಂತೆ."

"ಒಮ್ಮೆ ನೀವೇ ಬಂದು ನೋಡಿ, ಪ್ರಭು."

ಹುಲಿರಾಯ ಕುಂಟುತ್ತ ಬಂದ. ಗವಿಯೊಳಗೆ ತಲೆ ಹಾಕಿದ. ಬರಿ ಬುಟ್ಟಿಗಳ ಮೇಲೆ ಜೇಡ ಬಲೆ ಕಟ್ಟಿತ್ತು. ಅವನು ತಿರುಗಿ ನೋಡುವಷ್ಟರಲ್ಲಿ ನರಿ ಓಟ ಕಿತ್ತಿದ್ದ. ಪ್ರಾಣಿಗಳೆಲ್ಲ ಸೇರಿ ಅವನನ್ನು ಗಡಿಯಾಚೆ ಅಟ್ಟಿದವು. ಅಲ್ಲಿ ಅವನಿಗೂ ಅದೇ ಜ್ವರ ಹತ್ತಿತು. ಮದ್ದು ಕೊಡುವವರು ಯಾರೂ ಇರಲಿಲ್ಲ.

ಸಿದ್ದಜ್ಜ ದೇವೀರಿ ತಂದ ಬೇರನ್ನು ಚಿಣ್ಣಿಗೆ ಅರೆದು ಕುಡಿಸಿದ. ಕಟ್ಟಳೆ ರದ್ದಾಯಿತು. ಹುಲಿರಾಯ ತನ್ನ ಪಾಲನ್ನು ತಾನೇ ತಂದಿಟ್ಟ. ಹಂದಿಗಳು ಮರಳಿದವು. ಚಿಣ್ಣಿ ಉಳಿದಳು, ಆದರೆ ಒಂದು ಕಿವಿ ಕೇಳಿಸದಾಯಿತು. ಕೆಂಚವ್ವನ ಮರಿ ಮಾತ್ರ ಮರಳಲಿಲ್ಲ.

ನೀತಿ: ಬಲವುಳ್ಳವರು ತಮ್ಮ ಪಾಲು ತಪ್ಪಿಸಿಕೊಂಡರೆ ಮೊದಲು ಸಾಯುವುದು ಬಡವರ ಮಕ್ಕಳು, ಕಡೆಗೆ ಆ ಕೇಡು ಯಾರನ್ನೂ ಬಿಡುವುದಿಲ್ಲ.