ಟಕ್ ಅಂದವರು ನಮ್ಮವರಲ್ಲ

ಹೂಂಗುಟ್ಟಿಕೊಂಡು ಕೇಳಿ, ಮಧ್ಯೆ ಎದ್ದು ಹೋಗಬೇಡಿ. ಒಂದೂರಲ್ಲಿ ಚಿಕ್ಕತಾಯವ್ವ ಅಂತ ಒಬ್ಬಳು. ಅವಳಿಗೆ ದೊಡ್ಡಮಾದ ಅಂತ ಒಬ್ಬನೇ ಮಗ. ಮೈ ನೋಡಿದರೆ ಕಂಬ, ತಲೆಯಲ್ಲಿ ಬರೀ ಗಾಳಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ.

ಆ ಊರಿನದೊಂದು ಪದ್ಧತಿ. ಚಳಿಗಾಲಕ್ಕೆ ಉಲಿಯಕ್ಕಿಗಳು ಬರುತ್ತವಲ್ಲ, ಎಲೆ ಬಣ್ಣದವು, ಹೆಬ್ಬೆರಳು ಗಾತ್ರದವು, ಎಲ್ಲ ಒಂದೇ ಥರ? ಆ ವರ್ಷ ಸತ್ತವರು ಆ ಹಕ್ಕಿಗಳಾಗಿ ಬರುತ್ತಾರೆ ಅಂತ ನಂಬಿಕೆ. ಹಕ್ಕಿಗಳು ವಾಪಸು ಹೋಗುವ ಮುಂಚೆ ಮನೆಯವರು ತಮ್ಮವರನ್ನು ಗುರುತು ಹಿಡಿದು ಒಳಗೆ ಕರೆಯಬೇಕು. ಕರೆಯದಿದ್ದರೆ ಸತ್ತವರಿಗೆ ಮನೆಯೇ ಇಲ್ಲ. ತಪ್ಪು ಹಕ್ಕಿಯನ್ನು ಕರೆದರೆ ಇನ್ನೂ ಕೆಟ್ಟದ್ದು. ಹಾಳುಬಾವಿಗೆ ಬಿದ್ದು ಸತ್ತು, ಯಾರೂ ಕರೆಯದೆ ಉಳಿದವರು ಬಂದು ಸೇರಿಕೊಳ್ಳುತ್ತಾರೆ.

ಚಿಕ್ಕತಾಯವ್ವನ ಗಂಡ ನಂಜಯ್ಯ ಮಳೆಗಾಲದಲ್ಲಿ ತೀರಿಕೊಂಡಿದ್ದ. ಹಕ್ಕಿಗಳು ಹೊರಡಲು ಇನ್ನೊಂದೇ ದಿನ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಮಗನನ್ನು ಕಳಿಸದೆ ವಿಧಿಯಿರಲಿಲ್ಲ.

"ಮಗ, ನಿಮ್ಮಪ್ಪನ್ನ ಕರ್ಕೊಂಡು ಬಾ. ಬೆಳ್ಳನೆ ಹುಬ್ಬು ಇರ್ತದೆ. ಹುಬ್ಬು ನೋಡಿ ಕರಿ!"

"ಹೂಂ ಕನವ್ವ!"

ಹೋದ. ಹುಬ್ಬು ನೋಡಿದ. ಕರೆದುಕೊಂಡು ಬಂದ. ಯಾರನ್ನ? ಆಡು ಕಾಯುವ ಮುದುಕ ಕಾಳಯ್ಯನನ್ನ! ಕಾಳಯ್ಯನ ಹುಬ್ಬು ಹತ್ತಿಯ ಹಾಗೆ ಬೆಳ್ಳಗಿತ್ತು. ನಂಜಯ್ಯನಿಗೆ ಎಡೆಯಿಟ್ಟ ಅಂಬಲಿಯನ್ನು ಅವನು ಸೊರ್ ಅಂತ ಕುಡಿದು, ಬಾಯಿ ಒರೆಸಿಕೊಂಡು ಹೋದ.

"ಅಯ್ಯೋ ದಡ್ಡ! ಮನ್ಸನ್ನಲ್ಲ ಕಣೋ, ಹಕ್ಕೀನ! ರೆಕ್ಕೆ ನೋಡಬೇಕು, ರೆಕ್ಕೆ! ಅದರ ಮೇಲೆ ಒಂದು ಬಿಳಿ ಗೆರೆ ಇರ್ತದೆ!"

"ಹೂಂ ಕನವ್ವ!"

ಹೋದ. ರೆಕ್ಕೆ ನೋಡಿದ. ಬಿಳಿ ಗೆರೆ ಕಂಡಿತು. ಕಂಕುಳಲ್ಲಿ ಅವುಚಿಕೊಂಡು ಓಡಿ ಬಂದ. ಏನನ್ನ? ಪಕ್ಕದ ಮನೆಯ ಹೇಂಟೆಯನ್ನ!

"ಅವ್ವಾ, ಅಪ್ಪ ದಾರೀಲಿ ಮೊಟ್ಟೆ ಇಟ್ಟ!"

ಚಿಕ್ಕತಾಯವ್ವ ಹಣೆ ಚಚ್ಚಿಕೊಂಡಳು. ಹೊತ್ತು ಇಳಿಯುತ್ತಿತ್ತು. ಗಂಡ ಹೊರಗೇ ಉಳಿದುಬಿಡುತ್ತಾನೆ ಅಂತ ಅವಳಿಗೆ ಅಳು ಬಂತು.

"ಯಾರನ್ನೂ ಹಿಡೀಬೇಡ, ಮುಟ್ಟಬೇಡ! ದೂರ ನಿಂತು 'ಅಪ್ಪಾ' ಅನ್ನು. ಓಗೊಟ್ಟೋರನ್ನ ಮನೆಗೆ ಬಾ ಅನ್ನು. ಅಷ್ಟೇ!"

"ಹೂಂ ಕನವ್ವ!"

ಹೋದ. ಎಲ್ಲಿಗೆ? ಹಾಳುಬಾವಿಯ ಪಕ್ಕದ ಪೊದೆಗೆ. ದೂರ ನಿಂತು "ಅಪ್ಪಾ!" ಅಂದ.

"ಚಿವೀ" ಅಂತು ಒಂದು ಹಕ್ಕಿ, ಮೇಲಿನ ಕೊಂಬೆಯಿಂದ.

"ಟಕ್" ಅಂತು ಇನ್ನೊಂದು, ಪೊದೆಯ ಬುಡದಿಂದ. "ಟಕ್" ಅಂತು ಮತ್ತೊಂದು, ಬಾವಿಯ ಒಳಗಿನಿಂದ. ಟಕ್. ಟಕ್. ಟಕ್.

"ಓಗೊಟ್ಟೋರೆಲ್ಲ ಬನ್ರಪ್ಪ ಮನೆಗೆ!" ಅಂದ ನಮ್ಮ ಮಹಾರಾಯ.

ಅವನು ಮುಂದೆ ಮುಂದೆ. ಹಿಂದೆ ಬೇಲಿಯುದ್ದಕ್ಕೂ ಗಾಳಿಯಿಲ್ಲದೆ ಎಲೆ ಅಲುಗಿಕೊಂಡು ಬಂತು.

ಮನೆಯ ಜಂತೆಯಲ್ಲಿ "ಚಿವೀ" ಅಂತ ಕೇಳಿತು. ಚಿಕ್ಕತಾಯವ್ವ ಕೈ ಮುಗಿದಳು. "ಬಂದ್ಯಾ ದೇವರೇ!" ಅಂತ ಅತ್ತಳು. ಅಷ್ಟರಲ್ಲಿ ಒಲೆಯ ಹಿಂದೆ "ಟಕ್". ನಂಜಯ್ಯನ ಕಂಬಳಿಯೊಳಗೆ "ಟಕ್". ಅವಳ ಬೆನ್ನ ಹಿಂದೆಯೇ "ಟಕ್". ಜಂತೆಯ ಹಕ್ಕಿ ಪುರ್ರಂತ ಬಾಗಿಲಾಚೆ ಹಾರಿಹೋಯಿತು.

"ಏನ್ ಮಾಡ್ಬುಟ್ಟೆ ಮಗ! ಟಕ್ ಅನ್ನೋರು ನಮ್ಮೋರಲ್ಲ, ಹಾಳುಬಾವಿಯೋರು! ಯಾರು ಟಕ್ ಅಂದ್ರೂ ಎತ್ತಿ ಆಚೆ ಹಾಕು, ಅಗುಳಿ ಜಡಿ. ಏನ್ ಬೇಡ್ಕೊಂಡ್ರೂ ತೆಗೀಬೇಡ. ನನ್ನ ದನೀಲಿ ಕೂಗಿದ್ರೂ ತೆಗೀಬೇಡ!"

"ಹೂಂ ಕನವ್ವ!"

ಕಿವಿ ನಿಮಿರಿಸಿ ನಿಂತ. ಅವು ಕಿಲಾಡಿಗಳು. ಒಂದೂ ಉಸಿರೆತ್ತಲಿಲ್ಲ. ಮನೆಯೆಲ್ಲ ತಣ್ಣಗಾಯಿತು. ಬಂದ ಗಂಡನೂ ಹೋದ, ಮನೆಯೂ ಕೆಟ್ಟಿತು ಅಂತ ಚಿಕ್ಕತಾಯವ್ವ ಸಂಕಟಪಟ್ಟುಕೊಂಡು ನಾಲಿಗೆಯನ್ನು ಅಂಗುಳಕ್ಕೆ ಬಡಿದು ಲೊಚಗುಟ್ಟಿದಳು.

ಟಕ್.

ಮಗ ಎತ್ತಿದ. ಆಚೆ ಹಾಕಿದ. ಅಗುಳಿ ಜಡಿದ.

"ಲೋ ಮಾದ! ನಾನು ಕಣೋ, ನಿಮ್ಮವ್ವ! ತೆಗಿಯೋ!"

"ಅವ್ವ ಮೊದಲೇ ಹೇಳವ್ಳೆ! ಅವಳ ದನೀಲೇ ಕೂಗ್ತೀರಂತೆ ನೀವು!"

ಬಾಗಿಲು ಬಡಿದಳು. ಅತ್ತಳು. ಅವನು ಅಲುಗಲಿಲ್ಲ. ಜಾಣ ಮಗ, ಜೀವಮಾನದಲ್ಲಿ ಮೊದಲ ಸಲ ಅವ್ವ ಹೇಳಿದ್ದನ್ನು ಸರಿಯಾಗಿ ಮಾಡಿದ್ದೀನಿ ಅಂತ ಅವನಿಗೆ ಹೆಮ್ಮೆ.

ಆಮೇಲೆ ಒಳಗಿನಿಂದ, ಒಲೆಯ ಕಡೆಯಿಂದ, ಚಿಕ್ಕತಾಯವ್ವನದೇ ದನಿ ಹೊರಗೆ ನಿಂತ ಅವಳ ಕಿವಿಗೆ ಬಿತ್ತು.

"ಒಳ್ಳೇ ಕೆಲಸ ಮಾಡ್ದೆ ಮಗ. ಬಾ, ಉಣ್ಣಾಕೆ ಕೂತ್ಕೊ."

"ಹೂಂ ಕನವ್ವ!" ಅಂದ ದೊಡ್ಡಮಾದ.