ಮೊದಲು ಗಂಟು, ಆಮೇಲೆ ಬಣ್ಣ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಈ ಕಥೆಗೆ ಹೂಂಗುಟ್ಟಬೇಕಾದರೂ ಗಟ್ಟಿ ಎದೆ ಬೇಕು. ನಗು ಬಂದರೆ ಮೊದಮೊದಲೇ ನಕ್ಕುಬಿಡಿ, ಕೊನೆಯಲ್ಲಿ ಅದು ಸಿಗುವುದಿಲ್ಲ.

ನೂಲಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಜನ ವಯಸ್ಸನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ದಾರದಲ್ಲಿ ಕಟ್ಟುತ್ತಿದ್ದರು. ಮಗು ಹುಟ್ಟಿದ ದಿನ ಒಂದು ಬಿಳಿ ದಾರ ತರುವುದು. ಯುಗಾದಿಗೊಂದು ಗಂಟು ಹಾಕುವುದು. ಹಾಕಿದ ಗಂಟಿನ ಮೇಲೆ ಕೆಂಪು ಬಣ್ಣ ಹಚ್ಚುವುದು. ಮೊದಲು ಗಂಟು, ಆಮೇಲೆ ಬಣ್ಣ. ಮನೆಯ ಹಿರಿಯರೇ ಇದನ್ನು ಮಾಡಬೇಕು.

ಏಳು ಗಂಟಾದರೆ ಮಠಕ್ಕೆ ಹೋಗಿ ಅಕ್ಷರ ಕಲಿಯಬಹುದು. ಹನ್ನೆರಡು ಗಂಟಾದರೆ, ತಪ್ಪು ಮಾಡಿದಾಗ ರಾಜನ ಮುಂದೆ ನಿಂತು ಶಿಕ್ಷೆ ಉಣ್ಣಬೇಕು. ಹದಿನೆಂಟು ಗಂಟಾದರೆ ಹೊಲ ನಿಮ್ಮದು, ಮದುವೆಯ ಮಾತು ನಿಮ್ಮದು, ಚಾವಡಿಯಲ್ಲಿ ದೂರು ಹೇಳುವ ಬಾಯಿ ನಿಮ್ಮದು. ರಾಜ ಕರೆದರೆ ಕೋಟೆಗೆ ಕಲ್ಲು ಹೊರುವ ಹೆಗಲೂ ನಿಮ್ಮದೇ. ಕೇಳಲು ಎಷ್ಟು ಚೆಂದ! ದಾರ ಯಾರ ಕೈಯಲ್ಲಿತ್ತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಆ ರಾಜ್ಯದಲ್ಲಿ ದ್ಯಾವಿ ಅಂತ ಹುಡುಗಿ, ಸಣ್ಣೀರ ಅಂತ ಅವಳ ತಮ್ಮ. ಅಪ್ಪ ಅವ್ವ ಇಬ್ಬರೂ ಜ್ವರದಲ್ಲಿ ಹೋಗಿದ್ದರು. ಮಕ್ಕಳನ್ನು, ಅವರ ಹೊಲವನ್ನು, ಅವರ ದಾರವನ್ನು ಚಿಕ್ಕಪ್ಪ ಕಾಳಯ್ಯನೇ ನೋಡಿಕೊಳ್ಳುತ್ತಿದ್ದ. ಕಾಳಯ್ಯನಿಗೆ ಮಲ್ಲ ಅಂತ ಮಗ. ಗೂಳಿಯ ಹಾಗಿದ್ದ, ಉಂಡು ಮಲಗುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಒಂದು ವರ್ಷ ರಾಜ ಕೋಟೆ ಕಟ್ಟಲು ಹೊರಟ. ಮನೆಗೊಬ್ಬರು, ಹದಿನೆಂಟು ಗಂಟಾದವರು ಬರಬೇಕು ಅಂತ ಡಂಗುರ ಸಾರಿಸಿದ. ಕಾಳಯ್ಯನ ಮನೆಯಿಂದ ಹೋಗಬೇಕಾದವನು ಮಲ್ಲ. ಆದರೆ ಆಳುಗಳು ಬಂದಾಗ ಬಾಗಿಲಲ್ಲಿ ನಿಂತಿದ್ದವನು ಸಣ್ಣೀರ. ಅವನಿಗೆ ಆಗ ಹನ್ನೆರಡು ವರ್ಷ. ಕೈಯಲ್ಲಿ ಬುಗುರಿ ಇತ್ತು. ಅವನ ದಾರದಲ್ಲಿ ಮಾತ್ರ ಹದಿನೆಂಟು ಗಂಟಿದ್ದವು.

“ಹುಡುಗ ಗಿಡ್ಡ ಅವ್ನಲ್ಲ?” ಅಂದರು ಆಳುಗಳು.

“ನಮ್ ವಂಶವೇ ಗಿಡ್ಡ ಬುದ್ದಿ,” ಅಂದ ಕಾಳಯ್ಯ. ಅವನ ಹಿಂದೆ ಮಲ್ಲ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ನಿಂತಿದ್ದ.

ಆಳುಗಳು ಸಣ್ಣೀರನನ್ನು ಕರೆದುಕೊಂಡು ಹೋದರು, ಅವನ ದಾರವನ್ನು ಚಾವಡಿಯ ಗೂಟಕ್ಕೆ ನೇತುಹಾಕಿದರು. ಹೊರಡುವಾಗ ಅವನು ಬುಗುರಿಯನ್ನು ಅಕ್ಕನ ಕೈಗೆ ಕೊಟ್ಟು, “ಮಡಗಿರಕ್ಕ, ಬಂದು ಆಡ್ತೀನಿ” ಅಂದ.

ದ್ಯಾವಿಗೆ ಆಗ ಹದಿನೇಳು. ಅತ್ತಳು, ಊಟ ಬಿಟ್ಟಳು. ಹದಿನೆಂಟಾಗದೆ ದೂರು ಹೇಳುವಂತಿಲ್ಲ. ಯುಗಾದಿ ಬಂತು. ಕಾಳಯ್ಯ ಎಲ್ಲರ ಎದುರಿಗೇ ಅವಳ ದಾರಕ್ಕೆ ಹದಿನೆಂಟನೆಯ ಗಂಟು ಹಾಕಿದ, ಬಣ್ಣ ಹಚ್ಚಿದ. ಮಾರನೆಯ ದಿನವೇ ಅವಳು ಚಾವಡಿಗೆ ಓಡಿದಳು. ಶಾನುಭೋಗರು ಕಾಳಯ್ಯನನ್ನು ಕರೆಸಿ, ದಾರ ತರಿಸಿ ಎಣಿಸಿದರು.

“ಹದಿನೇಳೇ ಇದೆ. ಹೋಗಮ್ಮ, ಬೆಳೆದು ಬಾ.”

ಎರಡನೆಯ ಯುಗಾದಿ ಬಂತು. ಕಾಳಯ್ಯ ಗಂಟು ಹಾಕಿದ. ದ್ಯಾವಿ ಚಾವಡಿಗೆ ಹೋದಳು. “ಹದಿನೇಳೇ ಇದೆ. ಹೋಗಮ್ಮ, ಬೆಳೆದು ಬಾ.”

ಮೂರನೆಯ ಯುಗಾದಿ ಬಂತು. ದ್ಯಾವಿಗೆ ಇಪ್ಪತ್ತಾಯಿತು. ಶಾನುಭೋಗರು ಎಣಿಸಿದರು. ಮತ್ತೆ ಹದಿನೇಳು!

“ನನ್ ಕಣ್ಣೆದ್ರಿಗೇ ಕಟ್ಟಿದ್ದು ಸ್ವಾಮಿ,” ಅಂದಳು ದ್ಯಾವಿ. “ಬಿಚ್ಚಿರೋ ಜಾಗ ನೋಡಿ.”

“ಗಂಟು ಎಣಿಸೋದಷ್ಟೇ ನನ್ನ ಕೆಲಸ. ಗಂಟಿಲ್ಲದ ಜಾಗ ನೋಡೋದು ನನ್ನ ಕೆಲಸವಲ್ಲ,” ಅಂದರು ಶಾನುಭೋಗರು. ಇಂಥವರ ಹೊಟ್ಟೆ ತಣ್ಣಗಿರಲಿ. ಇನ್ನೇನು ಹೇಳಲಿ ನಾನು?

ಆಗ ದ್ಯಾವಿಗೆ ಒಂದು ಹೊಳೆಯಿತು. ದೂರು ಹೇಳಲು ಹದಿನೆಂಟು ಬೇಕು. ಶಿಕ್ಷೆ ಉಣ್ಣಲು ಹನ್ನೆರಡು ಸಾಕು. ಶಿಕ್ಷೆ ಕೊಡುವ ಮೊದಲು ರಾಜ, ‘ನೀನೇನು ಹೇಳುತ್ತೀ?’ ಅಂತ ಕೇಳಲೇಬೇಕು.

ಶಾನುಭೋಗರ ಕೈಯಲ್ಲಿದ್ದ ತನ್ನ ದಾರ ಕಿತ್ತುಕೊಂಡಳು. ಗೂಟದಲ್ಲಿದ್ದ ತಮ್ಮನ ದಾರ ಎಳೆದುಕೊಂಡಳು. ಓಡಿದಳು. ಹಿಡಿಯಲಿ ಅಂತಲೇ ನಿಧಾನವಾಗಿ ಓಡಿದಳು.

ಆಳುಗಳು ಹಿಡಿದು ರಾಜನ ಮುಂದೆ ನಿಲ್ಲಿಸಿದರು. ಕಾಳಯ್ಯನೂ ಬಂದ. ರಾಜ ಕೇಳಿದ: “ದಾರ ಕದ್ದಿದ್ದೀ. ನೀನೇನು ಹೇಳುತ್ತೀ?”

“ಹೇಳ್ತೀನಿ ಬುದ್ದಿ. ಮೊದ್ಲು ನಮ್ ಚಿಕ್ಕಪ್ಪಯ್ಯನ್ನ ಒಂದು ಮಾತು ಕೇಳ್ಲಾ?”

ರಾಜ ತಲೆಯಾಡಿಸಿದ.

“ಚಿಕ್ಕಪ್ಪಯ್ಯ, ನನ್ ತಮ್ಮನ ದಾರಕ್ಕೆ ಯುಗಾದಿಗೊಂದು ಗಂಟು ಹಾಕ್ದೋನು ನೀನೇ ತಾನೇ?”

“ಇನ್ಯಾರು ಹಾಕ್ತಾರೆ? ನಾನೇಯ.”

“ಮೊದ್ಲು ಗಂಟೋ, ಮೊದ್ಲು ಬಣ್ಣವೋ?”

“ಮೊದ್ಲು ಗಂಟು, ಆಮೇಲೆ ಬಣ್ಣ. ಅಷ್ಟೂ ತಿಳೀದಾ ನಂಗೆ?” ಕಾಳಯ್ಯ ಎದೆ ಉಬ್ಬಿಸಿದ.

“ತಗೋ, ಹಂಗಾದ್ರೆ ಹನ್ನೆರಡನೇದ್ರಿಂದ ನಿನ್ ಕೈಯಾರೆ ಬಿಚ್ಚು.”

ಹನ್ನೆರಡನೆಯ ಗಂಟು ಬಿಚ್ಚಿದ. ಗಂಟಿನ ಒಳಗೆ ದಾರ ಬೆಳ್ಳಗಿತ್ತು. ಹಾಗೇ ಇರಬೇಕಲ್ಲ, ಗಂಟಿನ ಹೊಟ್ಟೆಯೊಳಕ್ಕೆ ಬಣ್ಣ ಹೋಗುವುದಿಲ್ಲ. ಹದಿಮೂರನೆಯದು ಬಿಚ್ಚಿದ. ಒಳಗೂ ಕೆಂಪು. ಹದಿನಾಲ್ಕನೆಯದೂ ಕೆಂಪು. ಹದಿನೈದನೆಯದನ್ನು ಬಿಚ್ಚದೆ ಕಾಳಯ್ಯ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಆಳುಗಳು ಬರುವ ಗಡಿಬಿಡಿಯಲ್ಲಿ ಆ ಸೋಮಾರಿ ಉಳಿದ ದಾರವನ್ನೆಲ್ಲ ಬಣ್ಣದಲ್ಲಿ ಅದ್ದಿ, ಆಮೇಲೆ ಆರು ಗಂಟನ್ನೂ ಒಟ್ಟಿಗೇ ಹಾಕಿದ್ದ.

ದ್ಯಾವಿ ತನ್ನ ದಾರವನ್ನೂ ಬಿಸಿಲಿಗೆ ಹಿಡಿದಳು. ಹದಿನೇಳು ಗಂಟಿನ ಆಚೆ, ಒಂದು, ಎರಡು, ಮೂರು ಕಡೆ ಕೆಂಪು ಬಿಳಿ ಬೆರೆತ ಕಲೆ. ಹಾಕಿ ಬಿಚ್ಚಿದ ಮೂರು ಯುಗಾದಿ.

“ಬುದ್ದಿ,” ಅಂದಳು, “ತಪ್ಪು ಮಾಡೋಕೆ ನಾನು ಹನ್ನೆರಡಕ್ಕೇ ದೊಡ್ಡೋಳಾದೆ. ತಪ್ಪು ಹೇಳೋಕೆ ಇಪ್ಪತ್ತಾದ್ರೂ ಸಣ್ಣೋಳಾಗೇ ಉಳ್ದೆ. ಇದ್ಯಾವ ನ್ಯಾಯ? ಹೊಲ ಅವ್ನೇ ಇಟ್ಕಳ್ಳಿ. ನನ್ ತಮ್ಮನ್ನ ಕೊಡ್ಸಿ.”

ಶಿಕ್ಷೆಗೆ ಹನ್ನೆರಡು, ದೂರಿಗೆ ಹದಿನೆಂಟು ಅಂತ ಕಟ್ಟಳೆ ಮಾಡಿದವನು ಆ ರಾಜನೇ. ಅವನು ತಲೆ ತಗ್ಗಿಸಿದ.

ಕಾಳಯ್ಯನನ್ನೂ ಮಲ್ಲನನ್ನೂ ಅವತ್ತೇ ಕಲ್ಲು ಹೊರಲು ಅಟ್ಟಿದರು. ಶಾನುಭೋಗರ ಕೆಲಸ ಹೋಯಿತು. ಹೊಲ ದ್ಯಾವಿಗೆ ಬಂತು. ಚಪ್ಪಾಳೆ ತಟ್ಟಬೇಡಿ ಮಕ್ಕಳೇ, ಕಥೆ ಇನ್ನೂ ಇದೆ.

ಮೂರನೆಯ ದಿನ ಕೋಟೆಯಿಂದ ಅರಮನೆಯ ಮುಂದೆ ಗಾಡಿ ಬಂತು. ಸಣ್ಣೀರ ಇಳಿದ. ಹದಿನೈದು ವರ್ಷದ ಹುಡುಗನ ಬೆನ್ನು ಗೂನಾಗಿತ್ತು. ಬೆರಳು ಜಜ್ಜಿ ಸೊಟ್ಟಗಾಗಿದ್ದವು. ರಾಜ ತಾನೇ ಕೂತು ಅವನ ದಾರದಲ್ಲಿ ಉಳಿದಿದ್ದ ಸುಳ್ಳು ಗಂಟುಗಳನ್ನೂ ಬಿಚ್ಚಿಸಿದ. ಹೊಸ ಬಿಳಿ ದಾರ ತರಿಸಿ, ಸರಿಯಾಗಿ ಹದಿನೈದು ಗಂಟು ಹಾಕಿಸಿದ. “ನೀನಿನ್ನೂ ಹುಡುಗ ಕಣಪ್ಪ. ಮೂರು ವರ್ಷ ಇದೆ. ಹೋಗಿ ಆಟ ಆಡು,” ಅಂದ.

ದಾರ ಸರಿಯಾಯಿತು. ಬೆನ್ನು ನೆಟ್ಟಗಾಗಲಿಲ್ಲ.

ದ್ಯಾವಿ ಮೂರು ವರ್ಷ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬುಗುರಿಯನ್ನು ಬಿಚ್ಚಿ ತಮ್ಮನ ಅಂಗೈಯಲ್ಲಿಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ತೂಕ ನೋಡಿದ. ಆಮೇಲೆ ಮೆಲ್ಲಗೆ ಹೆಗಲ ಮೇಲಿಟ್ಟುಕೊಂಡು ಕೇಳಿದ:

“ಅಕ್ಕ, ಇದ ಎಲ್ಲಿಗೆ ಹೊರ್ಬೇಕು?”

 

ನೀತಿ ಹೇಳಿಬಿಡುತ್ತೇನೆ, ಕೇಳಿ. ವಯಸ್ಸು ಬರುವ ಮೊದಲೇ ಮಕ್ಕಳ ಹೆಗಲಿಗೆ ಹೊರೆ ಹಾಕಬೇಡಿ. ವಯಸ್ಸು ಬಂದ ಮೇಲೆ ಅವರ ಹಕ್ಕನ್ನು ಒಂದು ದಿನವೂ ತಡೆಯಬೇಡಿ. ವಯಸ್ಸು ಕದ್ದ ಕಳ್ಳ ಸಿಕ್ಕಿಬೀಳಬಹುದು. ಕದ್ದ ವಯಸ್ಸು ಸಿಗುವುದಿಲ್ಲ.

ಇಷ್ಟೇ ಕಥೆ. ಏಳಿ, ಹೊರಗೆ ಇನ್ನೂ ಬೆಳಕಿದೆ. ಹೋಗಿ ಆಡಿಕೊಳ್ಳಿ.