ಕರೆಯಲು ಹೋದ ದರ್ಜಿ

“ಗುರುಗಳೇ, ಮುನಿಸಿಕೊಂಡು ತವರಿಗೆ ಹೋದ ಹೆಂಡತಿಗೆ ಗಂಡನ ಮೇಲೆ ನಿಜವಾಗಿ ಪ್ರೀತಿಯಿದ್ದರೆ, ತಾನಾಗಿಯೇ ಓಡಿ ಬರುವುದಿಲ್ಲವೇ?” ಎಂದು ಶಿಷ್ಯ ಕೇಳಿದ. ಅವನ ಹೆಂಡತಿ ತವರಿಗೆ ಹೋಗಿ ತಿಂಗಳಾಗಿತ್ತು.

“ಹಾಗೆ ಓಡಿ ಬರುವುದನ್ನು ಎಲ್ಲಿ ನೋಡಿದೆ?”

ಶಿಷ್ಯ ನಾಚಿಕೊಂಡು, “ಸಿನಿಮಾದಲ್ಲಿ” ಎಂದ.

ಗುರುಗಳು ದಣಿದ ದನಿಯಲ್ಲಿ ಒಂದು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೂ ಅವನ ಹೆಂಡತಿಗೂ ಸಿನಿಮಾ ಎಂದರೆ ಪ್ರಾಣ. ಊರಿನ ಟೆಂಟಿಗೆ ಬಂದ ಪ್ರೇಮಕತೆಗಳನ್ನೆಲ್ಲ ಒಟ್ಟಿಗೆ ಕುಳಿತು ನೋಡಿದ್ದರು. ಒಂದು ದಿನ ಯಾವುದೋ ಸಣ್ಣ ಮಾತಿಗೆ ಜಗಳವಾಗಿ ಅವಳು ಅಣ್ಣನ ಮನೆಗೆ ಹೋದಳು.

ಸ್ವಲ್ಪ ದಿನ ಬಿಟ್ಟು ದರ್ಜಿ ಅವಳನ್ನು ಕರೆಯಲು ಹೋದ. ಜಗಲಿಯ ಮೇಲೆ ಕುಳಿತು ನೀರು ಕುಡಿದ. ಚೀಲದಿಂದ ಅವಳ ರವಿಕೆ ತೆಗೆದು, “ತೋಳು ಬಿಗಿ ಅಂದಿದ್ದೆಯಲ್ಲ, ಬಿಚ್ಚಿ ಹೊಲಿದಿದ್ದೀನಿ. ಮನೆಗೆ ಹೋಗೋಣವಾ?” ಎಂದ.

ಅವಳು ರವಿಕೆ ತೆಗೆದುಕೊಂಡು ಬಾಗಿಲಲ್ಲೇ ನಿಂತಳು. ಸಿನಿಮಾದ ನಾಯಕನಾದರೆ ನಡುಬೀದಿಯಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, ನೀನಿಲ್ಲದೆ ಬದುಕಲಾರೆ ಎನ್ನುತ್ತಾನೆ. ಇವನು ರವಿಕೆಯ ತೋಳಿನ ಮಾತಾಡಿದ. ಇನ್ನೊಮ್ಮೆ ಕರೆಯಲಿ ಎಂದು ಅವಳು ಕಾದಳು.

ಅವನು ಕರೆಯಲಿಲ್ಲ. ಎದ್ದು ಹೊರಟ. ಸಿನಿಮಾದಲ್ಲಿ ನಾಯಕ ಹೊರಟಾಗಲೇ ನಾಯಕಿ ಹಿಂದಿನಿಂದ ಓಡಿ ಬರುವುದು. ಆದ್ದರಿಂದ ನಿಧಾನವಾಗಿ ನಡೆದ. ಬೀದಿಯ ತಿರುವಿನಲ್ಲಿ ನಿಂತು, ಚಪ್ಪಲಿ ಕಳಚಿ, ಇಲ್ಲದ ಕಲ್ಲನ್ನು ಕೊಡವಿದ. ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿ ನೋಡದೆ ಹೋದ.

ಅವನು ಒಮ್ಮೆ ತಿರುಗಿ ನೋಡಿದರೆ ಓಡೋಣವೆಂದು ಅವಳು ಒಂದು ಕಾಲನ್ನು ಹೊಸ್ತಿಲಿನ ಆಚೆ ಇಟ್ಟುಕೊಂಡೇ ನಿಂತಿದ್ದಳು.

“ಯಾಕಮ್ಮ, ನಿನ್ನ ಗಂಡ ಹಾಡು ಹೇಳಿಕೊಂಡು ಬರಬೇಕಿತ್ತಾ?” ಎಂದಳು ಅತ್ತಿಗೆ.

ರವಿಕೆ ಅವಳಿಗೆ ಸರಿಯಾಗಿ ಹೊಂದಿತು. ಅವನು ಮತ್ತೆ ಬಂದಾನು ಎಂದು ಅವಳು ಕಾದಳು. ಅವಳೇ ಬಂದಾಳು ಎಂದು ಅವನು. ಅವನು ಹೊಲಿಗೆ ಯಂತ್ರದ ಮುಂದೆ ಕುಳಿತೇ ಮುದುಕನಾದ. ಅವಳು ಅಣ್ಣನ ಮಕ್ಕಳನ್ನು ಸಾಕಿ ಮುದುಕಿಯಾದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ, “ಅವಳು ಓಡಿ ಹೋಗಬೇಕಿತ್ತೋ, ಅವನು ತಿರುಗಿ ನೋಡಬೇಕಿತ್ತೋ? ತಪ್ಪು ಯಾರದು ಗುರುಗಳೇ?” ಎಂದ.

“ಅದಿರಲಿ, ನಿನ್ನ ಹೆಂಡತಿಯ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?” ಎಂದರು ಗುರುಗಳು.